ಅತ್ತೆ ನಂಬಿದ ಕಾರು

ನಮ್ಮ ಅತ್ತೆಗೆ ನನ್ನ ಕೈಯಡುಗೆ ಇಷ್ಟ, ನಾನು ಕೆಲಸಕ್ಕೆ ಹೋಗುವುದೂ ಇಷ್ಟ. ಆಗದಿದ್ದದ್ದು ಒಂದೇ, ನಾನು ಕಾರು ಓಡಿಸುವುದು.

ನಾನು ಡ್ರೈವಿಂಗ್ ಕಲಿತದ್ದು ನಲವತ್ತು ದಾಟಿದ ಮೇಲೆ. ತುಮಕೂರಿನ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ದಿನಾ ನಾನೇ ಓಡಿಸಿಕೊಂಡು ಹೋಗಿ ಬರುತ್ತೇನೆ. ಆದರೂ ಅತ್ತೆ ಒಂದು ದಿನವೂ ನನ್ನ ಕಾರು ಹತ್ತಿದವರಲ್ಲ. ಮಠಕ್ಕೆ ಬಿಟ್ಟು ಬರುತ್ತೇನೆ ಬನ್ನಿ ಎಂದರೆ, "ಬ್ಯಾಡ ಕಣಮ್ಮ, ನಿಂಗ್ಯಾಕ್ ತೊಂದ್ರೆ, ಆಟೋದಾಗ್ ಹೋಯ್ತೀನಿ" ಎನ್ನುತ್ತಿದ್ದರು. ತೊಂದರೆ ಯಾರಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವರ ನಂಬಿಕೆಯೆಲ್ಲ ಚೇಳೂರಿನ ಚಿಕ್ಕಮಾವನ ಮೇಲೆ. ನನ್ನ ಗಂಡನ ಚಿಕ್ಕಪ್ಪ, ಅತ್ತೆಗೆ ಮೈದುನ. ಹರೆಯದಿಂದಲೂ ಜೀಪು, ಟೆಂಪೊ, ಕೊಬ್ಬರಿ ತುಂಬುವ ಲಾರಿ ಎಲ್ಲ ಓಡಿಸಿದವರು. ಒಮ್ಮೆ ಗುಬ್ಬಿಯಿಂದ ಚೇಳೂರಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದಾಗ ಎರಡೂ ಕೈ ಬಿಟ್ಟು, ಅಂಗೈಯಲ್ಲಿ ಹೊಗೆಸೊಪ್ಪು ಉಜ್ಜುತ್ತ, ಪೂರಾ ಹಿಂದಕ್ಕೆ ತಿರುಗಿ ಅತ್ತೆಯ ಜೊತೆ ತೋಟದ ವಿಷಯ ಮಾತಾಡುತ್ತಿದ್ದರು. ಸ್ಟಿಯರಿಂಗನ್ನು ಅವರ ಮಂಡಿ ನೋಡಿಕೊಳ್ಳುತ್ತಿತ್ತು. ನಾನು ಸೀಟಿನ ಅಂಚು ಹಿಡಿದು ಕೂತಿದ್ದರೆ ಅತ್ತೆ ಹಾಯಾಗಿ ಕಡಲೆಕಾಯಿ ಸುಲಿಯುತ್ತಿದ್ದರು. "ಅವ್ನ ಕೈಯಾಗ್ ಗಾಡಿ ಐತೆ ಅಂದ್ರೆ ಕಣ್ ಮುಚ್ಕಂಡ್ ಕೂತ್ಕಬೋದು" ಎಂದರು. ನಾನಂತೂ ಆಗಲೇ ಕಣ್ಣು ಮುಚ್ಚಿದ್ದೆ.

ಆಮೇಲೆ ನಾವು ಹೊಸ ಕಾರು ತೆಗೆದುಕೊಂಡೆವು. ಅದರ ಮುಂದಿನ ಗಾಜಿನ ಮೇಲ್ಭಾಗದಲ್ಲಿ ಒಂದು ಕ್ಯಾಮೆರಾ. ರಸ್ತೆಯ ಬಿಳಿ ಗೆರೆ ನೋಡಿಕೊಂಡು ಸ್ಟಿಯರಿಂಗನ್ನು ತಾನೇ ಒಂದಿಷ್ಟು ತಿರುಗಿಸುತ್ತದೆ. ಯಾರಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ತಪ್ಪು ಮಾಡಿದರೆ ಪೀಂ ಪೀಂ ಎಂದು ಬೈಯುತ್ತದೆ. ಹಾಗೆಂದು ಪೂರ್ತಿ ತಾನೇ ಓಡುವ ಕಾರೇನಲ್ಲ, ಓಡಿಸುವವರು ಒಬ್ಬರು ಬೇಕೇ ಬೇಕು.

ಹೋದ ಸುಗ್ಗಿಯಲ್ಲಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಹತ್ತಿರ ನಾದಿನಿಯ ಹೊಸ ಮನೆ ಗೃಹಪ್ರವೇಶ ಬಂತು. ಅಷ್ಟರಲ್ಲಿ ನನ್ನ ಗಂಡ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ಚಿಕ್ಕಮಾವ ಚೇಳೂರಿಂದ ನೇರ ಬಸ್ಸಿಗೆ ಬರುವವರಿದ್ದರು. ಇನ್ನು ಓಡಿಸಲು ಉಳಿದವಳು ನಾನೊಬ್ಬಳೇ.

"ನಾನೂ ಬಸ್ಸಿಗೇ ಬತ್ತೀನಿ" ಅಂದರು ಅತ್ತೆ.

ನನ್ನ ಗಂಡ ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದರು: "ಅಮ್ಮ, ಇದು ಹಳೇ ಕಾರಲ್ಲ. ಇದು ತಾನೇ ಓಡ್ತದೆ."

"ಇವ್ಳು?"

"ಇವ್ಳು ಸುಮ್ನೆ ಕೂತಿರ್ತಾಳೆ."

"ಏನೂ ಮುಟ್ಟಾಕಿಲ್ವಾ?"

"ಶಾಸ್ತ್ರಕ್ಕೆ ಸ್ಟಿಯರಿಂಗ್ ಹಿಡ್ಕೊಂಡಿರ್ತಾಳೆ, ಅಷ್ಟೆ."

ಅತ್ತೆಯ ಮುಖ ಅರಳಿತು. "ಹಂಗಾದ್ರೆ ಸರಿ ಬುಡು, ಕಾರಾಗೇ ಹೋಗಾಣ."

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಡ್ರೈವರೇ ಇಲ್ಲದ ಗಾಡಿಯಾದರೂ ಪರವಾಗಿಲ್ಲ, ಸೊಸೆ ಓಡಿಸುವ ಗಾಡಿ ಬೇಡ!

ಹೊರಡುವ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ವಿಭೂತಿ ಹಿಡಿದುಕೊಂಡೇ ಹೊರಗೆ ಬಂದರು. ಎತ್ತರದ ಹೆಂಗಸು. ಬಾಗಿಲು ತೆಗೆದು, ಅದರ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಗಾಜಿನ ನಟ್ಟನಡುವೆ, ಮೇಲ್ಭಾಗದಲ್ಲಿ, ಕಾರಿಗೆ ಹಣೆ ಇದ್ದರೆ ಎಲ್ಲಿರಬೇಕೋ ಅಲ್ಲಿ, ಒದ್ದೆ ವಿಭೂತಿಯನ್ನು ದಪ್ಪಗೆ ಮೂರು ಬೆರಳಲ್ಲಿ ಎಳೆದರು. "ತಾನೇ ಓಡ್ಬೇಕಲ್ಲ ಪಾಪ, ದೇವ್ರು ಕಾಪಾಡ್ಲಿ."

ಎಂಜಿನ್ ಚಾಲೂ ಮಾಡಿದ ಕೂಡಲೇ ಪರದೆಯ ಮೇಲೆ ಸಂದೇಶ ಬಂತು: ಕ್ಯಾಮೆರಾಕ್ಕೆ ಏನೋ ಅಡ್ಡ ಇದೆ, ಕಾಣುತ್ತಿಲ್ಲ. ನಾನು ಒರೆಸಲು ಇಳಿಯಹೊರಟೆ. ಪಕ್ಕದಲ್ಲಿದ್ದ ಗಂಡ ಪ್ಲಾಸ್ಟರ್ ಕೈಯಲ್ಲೇ ತಡೆದರು. "ವಿಭೂತಿ ಒರ್ಸಿದ್ರೆ ಅಮ್ಮ ಇಳಿದೇಬಿಡ್ತಾಳೆ" ಎಂದು ಪಿಸುಗುಟ್ಟಿದರು. ಹೀಗೆ ಕಣ್ಣು ಮುಚ್ಚಿದ ಕಾರನ್ನು, ಅದರ ಯಾವ ಬುದ್ಧಿಯೂ ಇಲ್ಲದೆ, ಕುಣಿಗಲ್ ಕಡೆಗೆ ನಾನೇ ಓಡಿಸಿದೆ.

ಹಿಂದಿನ ಸೀಟಿನಿಂದ ಅತ್ತೆ ದಾರಿಯುದ್ದಕ್ಕೂ ಕಾರನ್ನು ಹೊಗಳಿದರು. ಹೆಬ್ಬೂರು ದಾಟಿದ ಮೇಲೆ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದೆ. "ನೋಡ್ಲಾ, ಎಂಗೆ ಸೈಡ್ ಹೊಡೀತು!" ಕುಣಿಗಲ್ ಪೇಟೆಯಲ್ಲಿ ಹಂಪು ಬಂದಾಗ ನಿಧಾನ ಮಾಡಿದೆ. "ಎಷ್ಟು ನಯ ಇದಕ್ಕೆ! ಹೊಟ್ಟೆ ಒಂಚೂರೂ ಅಲುಗ್ನಿಲ್ಲ." ನಾನು ಶಾಸ್ತ್ರಕ್ಕೆ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದೆ. ಗಂಡ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು, ಭುಜ ಮಾತ್ರ ಅಲುಗುತ್ತಿತ್ತು.

ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ತಿರುಗಿದರೆ ಡಾಂಬರಿನ ತುಂಬಾ ರಾಗಿ ತೆನೆ ಹರಡಿತ್ತು. ಬರುವ ಹೋಗುವ ಗಾಡಿಗಳೇ ಅದನ್ನು ತುಳಿದು ಒಕ್ಕಣೆ ಮಾಡಿಕೊಡಬೇಕು. ನಾನು ನಿಲ್ಲಿಸಿದೆ. ರಸ್ತೆ ಬದಿಯಲ್ಲಿದ್ದ ಹೆಂಗಸರು ಕೈಬೀಸಿದರು: "ಬನ್ರಕ್ಕಾ, ಮೇಲೇ ಹತ್ತಿಸ್ಕಂಡ್ ಬನ್ನಿ!" ಮೆಲ್ಲಗೆ ಹತ್ತಿಸಿದೆ. ಚಕ್ರದಡಿ ತೆನೆ ಚರಚರ ಎಂದಿತು, ಗಾಜಿಗೆಲ್ಲ ಧೂಳು ಮೆತ್ತಿತು. ದಾಟಿದ ಮೇಲೆ ಅವರಲ್ಲೊಬ್ಬಾಕೆ, "ಹಂಗೇ ರಿವರ್ಸ್ ಬಂದು ಇನ್ನೊಂದ್ ದಪ ತುಳೀರಿ" ಎಂದು ನಗಾಡಿದಳು.

ಅತ್ತೆ ಕೈಮುಗಿದರು. "ರಾಗಿ ಒಕ್ಕಣೇನೂ ಕಲ್ಸಿ ಕಳಿಸವ್ರೆ ಕಣ್ಲಾ ಇದಕ್ಕೆ!"

ಗೃಹಪ್ರವೇಶದ ಊಟ ಮುಗಿದ ಮೇಲೆ ಚಿಕ್ಕಮಾವ ನಮ್ಮ ಜೊತೆಗೇ ಹೊರಟರು. ಕಾರನ್ನು ಒಂದು ಸುತ್ತು ಹಾಕಿ ನೋಡಿದರು. "ಏನಮ್ಮ ಇಷ್ಟು ಧೂಳು!" ಎಂದವರೇ ಒಂದು ಚೊಂಬು ನೀರು ಎರಚಿ ಗಾಜನ್ನು ಪಳಪಳ ಉಜ್ಜಿದರು. ಅತ್ತೆ ಆಗ ಮಗಳ ಹೊಸ ಅಡುಗೆಮನೆಯಲ್ಲಿದ್ದರು. ವಿಭೂತಿ ಹೋಯಿತು, ಕಾರು ಕಣ್ಣು ಬಿಟ್ಟಿತು.

"ಕೀ ಕೊಡು ತಾಯಿ, ನಾನ್ ಓಡುಸ್ತೀನಿ. ನೀನು ಹಿಂದೆ ಆರಾಮಾಗ್ ಕೂತ್ಕೊ" ಎಂದರು. ಕೊಟ್ಟೆ.

ಹೆದ್ದಾರಿಗೆ ಬಂದ ಕೂಡಲೇ ಅವರು ಜೇಬಿನಿಂದ ಹೊಗೆಸೊಪ್ಪು ತೆಗೆದು ಎರಡೂ ಕೈ ಬಿಟ್ಟರು. ಪೀಂ ಪೀಂ. "ಇದೇನಮ್ಮ ಬಡ್ಕತದೆ?" ಬಿಳಿ ಗೆರೆ ತುಳಿದರು. ಸ್ಟಿಯರಿಂಗ್ ತಾನಾಗಿ ಒಳಕ್ಕೆ ಎಳೆಯಿತು. "ಯಾರೋ ಎಳೀತಾವ್ರಲ್ಲೋ!" ಎಂದು ಗಂಡನ ಪ್ಲಾಸ್ಟರ್ ಕೈಯನ್ನು ಅನುಮಾನದಿಂದ ನೋಡಿದರು. ಆಮೇಲೆ ಎಂದಿನಂತೆ ಹಿಂದಕ್ಕೆ ತಿರುಗಿ, "ಅತ್ತಿಗೆ, ಪಾಯಸಕ್ಕೆ ಬೆಲ್ಲ ಕಮ್ಮಿ ಆಗಿತ್ತು" ಎಂದು ಶುರು ಮಾಡಿದರು.

ಆ ಹೊತ್ತಿಗೆ ಹುಲ್ಲಿನ ಹೊರೆ ಹೊತ್ತ ಸ್ಕೂಟರೊಂದು ಅಡ್ಡ ಬಂತು. ನಾನು "ಮಾವಾ!" ಎಂದು ಕೂಗುವುದಕ್ಕೆ ಮೊದಲೇ ಕಾರು ತಾನೇ ಗಕ್ಕನೆ ನಿಂತಿತು. ಹೊಗೆಸೊಪ್ಪು ಗಂಡನ ಪ್ಲಾಸ್ಟರಿನ ಮೇಲೆಲ್ಲ ಚೆಲ್ಲಿತು. ಸ್ಕೂಟರಿನವನು ತಿರುಗಿಯೂ ನೋಡದೆ ಹೋದ.

"ನಾನ್ ಹಾಕ್ತಿದ್ದೆ ಬ್ರೇಕು" ಎಂದರು ಚಿಕ್ಕಮಾವ, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಅತ್ತೆ ಯೋಚನೆ ಮಾಡುತ್ತಿದ್ದರು. "ಅಲ್ಲ ಕಣೋ, ಬರೋವಾಗ ಇವ್ಳು ಕೂತಿದ್ಲಲ್ಲ, ಆವಾಗ ಇದು ಒಂದ್ ಸರ್ತಿನೂ ಬಡ್ಕೊಳ್ನಿಲ್ಲ. ತೆಪ್ಪಗಿತ್ತು. ನೀನ್ ಕೂತ್ ತಕ್ಷಣ ಒಂದೇ ಸಮ ಬಯ್ತಾ ಐತೆ. ಅವ್ಳು ಎಂಗೆ ಓಡುಸ್ತಾಳೋ, ಅದನ್ನ ನೋಡ್ಕಂಡ್ ಕಲಿ."

ಓಡಿಸ್ತಾಳೆ! ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಕಾರು ಸುಮ್ಮನಿದ್ದದ್ದು ನಿಮ್ಮ ವಿಭೂತಿಯಿಂದ ಎಂದು ಹೇಳಲು ಬಾಯಿ ತೆರೆದೆ. ಗಂಡ ಪ್ಲಾಸ್ಟರಿನ ಮೇಲಿನ ಹೊಗೆಸೊಪ್ಪನ್ನು ಒಂದೊಂದೇ ಚೂರು ಹೆಕ್ಕುತ್ತ ಕೂತಿದ್ದರು. ಬಾಯಿ ಮುಚ್ಚಿಕೊಂಡೆ.

ಟೀ ಅಂಗಡಿಯೊಂದರ ಮುಂದೆ ನಿಲ್ಲಿಸಿದೆವು. ಟೀ ಕುಡಿದ ಚಿಕ್ಕಮಾವ ಕೀಯನ್ನು ನನ್ನ ಕೈಗಿಟ್ಟರು. "ನಾನ್ ಹಿಂದೇನೇ ಕೂತ್ಕತೀನಿ ತಾಯಿ. ಮಾತಾಡಕ್ಕೆ ಸಲೀಸು" ಎಂದು ನಕ್ಕರು. ಆದರೆ ಅತ್ತೆ ಹಿಂದೆ ಕೂರಲಿಲ್ಲ. ಮಗನನ್ನು ಹಿಂದಕ್ಕೆ ಕಳಿಸಿ, ಸೆರಗು ಸುತ್ತಿಕೊಂಡು, ನನ್ನ ಪಕ್ಕಕ್ಕೆ ಬಂದು ಬೆಲ್ಟು ಹಾಕಿಸಿಕೊಂಡರು.

ಕುಣಿಗಲ್ ಕೆರೆ ದಾಟಿದ ಮೇಲೆ ಲಾರಿಯೊಂದು ಎಡದಿಂದ ನುಗ್ಗಿತು. ನಾನು ಆಗಲೇ ಬ್ರೇಕಿನ ಮೇಲೆ ಕಾಲಿಟ್ಟಿದ್ದೆ, ಆದರೂ ಕಾರು ಪೀಂ ಪೀಂ ಎಂದು ಅರಚಿತು. ಅತ್ತೆ ಡ್ಯಾಶ್‌ಬೋರ್ಡಿನ ಮೇಲೆ ಪಟಪಟನೆ ಎರಡೇಟು ಬಡಿದರು.

"ಸುಮ್ಕಿರಪ್ಪ ಸಾಕು. ಅವ್ಳು ನೋಡ್ತಾವ್ಳೆ."