ಕಡ್ಡಿಯ ಒಲೆ, ತಾಮ್ರದ ಹಂಡೆ

ರಾಮನಗರದಲ್ಲಿ ಬಸ್ಸಿಳಿದ ಕೂಡಲೇ ಮೂಗಿಗೆ ಕರ್ಚೀಫು ಒತ್ತಿಕೊಂಡೆ. ಹತ್ತಿರದಲ್ಲೇ ಏನೋ ಸತ್ತು ಕೊಳೆತಿದೆ ಅನ್ನಿಸಿತು. ಸುತ್ತಲಿನವರು ಮಾತ್ರ ನಿರಾಳವಾಗಿ ಟೀ ಕುಡಿಯುತ್ತಿದ್ದರು. ಅದು ರೇಷ್ಮೆಗೂಡು ಬೇಯಿಸುವ ವಾಸನೆ ಎಂದು ಆಮೇಲೆ ತಿಳಿಯಿತು. ನಾನು ಬಿಜಾಪುರದ ಕಡೆಯವಳು, ನರ್ಸ್. ಗಂಡ ತೀರಿಕೊಂಡ ವರ್ಷವೇ ಕೈಲಾಂಚದ ಹತ್ತಿರದ ಹಳ್ಳಿಯೊಂದಕ್ಕೆ ವರ್ಗವಾಯಿತು.

ಇಲ್ಲಿಯದೂ ಕನ್ನಡವೇ. ಆದರೂ ನಾನು ಬಾಯಿ ತೆರೆದರೆ ಜನ ಮುಖ ನೋಡುತ್ತಿದ್ದರು. ನಮ್ಮಲ್ಲಿ ಜೋಳದ ರೊಟ್ಟಿ, ಅಗಿದಷ್ಟೂ ರುಚಿ. ಇಲ್ಲಿ ರಾಗಿಮುದ್ದೆ, ಅಗಿದರೆ ನಗುತ್ತಾರೆ. ನಮ್ಮಲ್ಲಿ ಸಂಜೆಯಾದರೆ ಹೆಂಗಸರು ಕಟ್ಟೆಯ ಮೇಲೆ ಕೂಡುತ್ತಾರೆ. ಇಲ್ಲಿ ಆ ಹೊತ್ತಿಗೆ ಎಲ್ಲರೂ ಹುಳು ಸಾಕುವ ಮನೆಯೊಳಗೆ. ಡ್ಯೂಟಿ ಮುಗಿಸಿ ಬಾಗಿಲು ಹಾಕಿಕೊಂಡರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಬಾಡಿಗೆ ಮನೆಯ ಬಚ್ಚಲಲ್ಲಿ ಒಲೆಯ ಮೇಲೆ ಕೂರಿಸಿದ ಹಳೆಯ ತಾಮ್ರದ ಹಂಡೆಯಿತ್ತು. ಮೈಯೆಲ್ಲ ಮಸಿ, ಒಂದು ಮಗ್ಗುಲು ನೆಗ್ಗಿತ್ತು. ಪಕ್ಕದ ಮನೆಯ ಕೆಂಪಮ್ಮ ರೇಷ್ಮೆ ಬೆಳೆಯುವವರು. ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ಬೆಳಿಗ್ಗೆ ಕಟ್ಟಿ ತಂದು, "ನೀವು ಊದ್ಬೇಡಿ, ಕಣ್ಣು ಕೆಂಪಗಾಯ್ತವೆ" ಎಂದು ತಾವೇ ಒಲೆ ಹಚ್ಚುತ್ತಿದ್ದರು. ಅವರ ಮನೆಯ ಹಂಡೆಯನ್ನು ಮಗ ತೆಗೆಸಿ ಗೀಸರ್ ಹಾಕಿಸಿದ್ದ. ನೀರು ಕಾಯುವವರೆಗೆ ಹುಳುವಿನ ರೋಗ, ತಮ್ಮ ಸೊಂಟನೋವು, ಬಸುರಿ ಮಗಳು ಸವಿತಾಳ ಸುದ್ದಿ. ನನ್ನ ಇಡೀ ದಿನದ ಮಾತು ಅಷ್ಟೇ.

ಒಂದು ಭಾನುವಾರ ಮನೆಯ ಯಜಮಾನರು ಪುಟ್ಟಸ್ವಾಮಿ ಗೀಸರಿನ ಪೆಟ್ಟಿಗೆ ಹೊತ್ತು ಬಂದರು.

"ನರ್ಸಮ್ಮಾರೆ, ಈ ಹಂಡೆ ಕಿತ್ತಾಕ್ಬುಡ್ತೀನಿ. ಸ್ವಿಚ್ ಒತ್ತುದ್ರೆ ಬಿಸ್ನೀರು. ಹೊಗೆ ಇರಾಕಿಲ್ಲ, ಮಸಿ ಇರಾಕಿಲ್ಲ."

ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು. ಕಡ್ಡಿಯ ಕಟ್ಟು ಹಿಡಿದಿದ್ದ ಕೆಂಪಮ್ಮ ಅಂಗಳದಲ್ಲೇ ನಿಂತುಬಿಟ್ಟರು. ಗೀಸರ್ ಬಂದರೆ ಕಡ್ಡಿ ಬೇಡ. ಕಡ್ಡಿ ಬೇಡವಾದರೆ ಇವರು ಇಲ್ಲಿಗೆ ಬರುವುದಾದರೂ ಯಾತಕ್ಕೆ?

"ಹಂಡೆ ಇರ್ಲಿ ಬಿಡ್ರಿ," ಅಂದೆ.

"ಯಾಕಮ್ಮಾ? ಊರೋರೆಲ್ಲ ಇದ್ನೇ ಹಾಕ್ಸವ್ರೆ."

"ನನಗ ಇದರ ನೀರ ಹಿಡಸ್ತಾವ್ರಿ."

ನಿಜವಾದ ಕಾರಣ ಹೇಳಲು ನಾಚಿಕೆಯಾಯಿತು. ಅವರು ತಲೆ ಕೆರೆದುಕೊಂಡು, ಗೀಸರನ್ನು ಒಯ್ದು ತಮ್ಮ ಮನೆಗೆ ಹಾಕಿಸಿಕೊಂಡರು.

ಮಳೆಗಾಲದಲ್ಲಿ ಬಿರುಗಾಳಿ ಬೀಸಿ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಸವಿತಾ ಆಗಷ್ಟೇ ಹೆತ್ತು ತವರಿಗೆ ಬಂದಿದ್ದಳು. ಬೆಳಿಗ್ಗೆ ಕೆಂಪಮ್ಮ ಕೂಸನ್ನು ಎತ್ತಿಕೊಂಡು ಓಡಿಬಂದರು.

"ಕರೆಂಟಿಲ್ಲ. ನಿಮ್ಮ ಹಂಡೇನೇ ದಿಕ್ಕು ಕಣಮ್ಮ!"

ಕಾಲು ಚಾಚಿ ಕೂತು, ಕೂಸನ್ನು ಕಾಲಮೇಲೆ ಮಲಗಿಸಿ ಎರೆದರು. ಬಾಣಂತಿಗೂ ಅಲ್ಲೇ ನೀರು. ಹೊಗೆ ಕಂಡು ಬೇರೆ ಮನೆಯ ಹೆಂಗಸರೂ ಬಕೆಟ್ ಹಿಡಿದು ಬಂದರು. ಎಲ್ಲರ ಹಿಂದೆ ಪುಟ್ಟಸ್ವಾಮಿ, ಅವರ ಕೈಯಲ್ಲೂ ಬಕೆಟ್.

"ಏನ್ ನಗ್ತೀರಿ ನರ್ಸಮ್ಮಾರೆ, ನಂಗೂ ಕೊಡಿ," ಅಂದರು. ಗಂಡ ಹೋದ ಮೇಲೆ ನಾನು ಬಾಯ್ತುಂಬ ನಕ್ಕದ್ದು ಅವತ್ತೇ. ನನ್ನ ಮಡಿಲಲ್ಲಿ ಟವೆಲ್ಲು ಸುತ್ತಿದ ಕೂಸು, ಬಚ್ಚಲ ತುಂಬ ಹೆಂಗಸರ ಗಲಾಟೆ.

ಕರೆಂಟು ಬಂದ ಬೆಳಿಗ್ಗೆ ಬೀದಿಯಲ್ಲೆಲ್ಲ ಕೇಕೆ. ನಾನೊಬ್ಬಳೇ ಉರಿಯುವ ಒಲೆಯ ಮುಂದೆ ಕೂತಿದ್ದೆ, ಬಕೆಟ್ ಹಿಡಿದು ಯಾರೂ ಬರಲಿಲ್ಲ. ಕೆಂಪಮ್ಮ ಈಗಲೂ ಬರುತ್ತಾರೆ. ಆದರೆ ಒಲೆ ಹಚ್ಚಿ, ಮೊಮ್ಮಗು ಅತ್ತೀತೆಂದು ನಿಂತ ಕಾಲಲ್ಲೇ ಹೊರಡುತ್ತಾರೆ.

ದೀಪಾವಳಿಗೆ ಊರಿಗೆ, ತಮ್ಮನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಸಾರು ಬಡಿಸುತ್ತಿದ್ದಳು.

"ಒಸಿ ಸಾಕು," ಅಂದೆ.

"ಒಸಿ ಅಂದ್ರ ಏನ್ರಿ ಅಕ್ಕಾರ?"

ಸ್ವಲ್ಪ ಎಂದು ನಾನು ಹೇಳುವ ಮೊದಲೇ ತಮ್ಮ ನಕ್ಕ: "ಅಕ್ಕ ಈಗ ಆ ಕಡಿಯಾಕಿ ಆಗ್ಯಾಳ ಬಿಡ."

ಆ ಕಡೆಯವರಿಗೆ ನಾನಿನ್ನೂ ಬಿಜಾಪುರದ ನರ್ಸಮ್ಮ ಎಂದು ಅವನಿಗೇನು ಗೊತ್ತು. ಅಷ್ಟರಲ್ಲಿ ಅವಳು ಇನ್ನೊಂದು ಸೌಟು ಸಾರು ಹಾಕಿಬಿಟ್ಟಿದ್ದಳು. ತಲೆ ತಗ್ಗಿಸಿ ಕಲಸಿಕೊಂಡೆ.