ಗೇಟು ಹಾಕುವ ಮೊದಲು

ಹೊಳಲ್ಕೆರೆ ಕಡೆಯ ಹಳೇ ಮೀಟರ್ ಗೇಜ್ ಲೈನಿನಲ್ಲಿ ಅಪ್ಪ ಗೇಟ್‌ಮನ್ ಆಗಿದ್ದರು. ಜಾಲಿ ಬೆಳೆದು ಹಳಿಯ ಆಚೆ ಬದಿ ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೇ ಗೇಟು ಹಾಕುವ ಮೊದಲು ಕೂಗುತ್ತಿದ್ದರು: "ಕುರಿ ಅದಾವೇನ್ರೀ?" ಆಚೆ ನಿಂತವರು "ಇಲ್ಲ, ಹಾಕ್ರಿ" ಅನ್ನಬೇಕು. ಉತ್ತರ ಬಾರದಿದ್ದರೆ ತಾವೇ ಹೋಗಿ ನೋಡಿ ಬರುತ್ತಿದ್ದರು. ಇದು ಯಾವ ರೂಲಿನಲ್ಲೂ ಇರಲಿಲ್ಲ. ಹಿರೇಗುಂಟನೂರು ಕಡೆಯಿಂದ ಮಂದೆ ಹೊಡೆದುಕೊಂಡು ಬರುವವರಿಗೂ ಅಪ್ಪನಿಗೂ ಇದ್ದ ರೂಢಿ.

ನಾನು ಹುಟ್ಟುವ ಮೊದಲು, ಒಂದು ಧೂಳುಗಾಳಿಯ ದಿನ, ಅಪ್ಪ ಉತ್ತರ ಕೇಳಿಸಿಕೊಂಡೇ ಗೇಟು ಹಾಕಿದರು. ಆದರೆ ಎರಡು ಗೇಟುಗಳ ನಡುವೆ ಕುರಿಗಳಿದ್ದವು. ಅವನ್ನು ಹೊರಗೆ ನೂಕಲು ನುಗ್ಗಿದ ಕುರಿಗಾಹಿ ರೈಲಿಗೆ ಸಿಕ್ಕಿ ಸತ್ತ. ಆಚೆ ಬದಿಯಲ್ಲಿ ಅವತ್ತು ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ಹಾಗಾದರೆ ಉತ್ತರ ಕೊಟ್ಟವರು ಯಾರು? ಅಪ್ಪ ಯಾರು ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು: "ನಂಗೆ ಕೇಳಿಸ್ತು." ಯಾರೂ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಬ್ರಾಡ್ ಗೇಜ್ ಬಂತು, ಆ ದೊಡ್ಡ ಲೈನು ಬೇರೆ ಕಡೆ ಹೋಯಿತು. ಹಳೆಯದರಲ್ಲಿ ಒಂದು ತುಂಡನ್ನೂ ಅಪ್ಪನ ಗೇಟನ್ನೂ ಉಳಿಸಬೇಕೆಂದು ಕೆಲವು ಉತ್ಸಾಹಿಗಳು ಓಡಾಡಿದರು. ಪಾಪ, ಒಳ್ಳೆಯವರೇ. ಆದರೆ ಎಲ್ಲದಕ್ಕೂ ಬಣ್ಣ ಬಳಿದು ಮದುವೆಮನೆ ಮಾಡಿಟ್ಟಿದ್ದರು. ಉದ್ಘಾಟನೆಗೆ ಗೇಟು ಇಳಿಸಲು ಅಪ್ಪನನ್ನೇ ಕರೆದರು. ಬೇಡವೆಂದು ನಾನು ಎಷ್ಟು ಹೇಳಿದರೂ ಕೇಳದೆ ಬಂದರು.

ಹಿಡಿಕೆಗೆ ಕೈ ಹಾಕಿ ಅಪ್ಪ ಕೂಗಿದರು, "ಕುರಿ ಅದಾವೇನ್ರೀ?"

ಜನ ನಕ್ಕು ಚಪ್ಪಾಳೆ ತಟ್ಟಿದರು. ಅಪ್ಪ ಕಾದರು. ಫೋಟೋದವರು ಗೊಣಗತೊಡಗಿದರು. ನನಗೆ ನಾಚಿಕೆಯಾಗಿ ಪಕ್ಕದಿಂದಲೇ, "ಇಲ್ಲ, ಹಾಕಪ್ಪ" ಅಂದೆ.

"ಇಲ್ಲಿಂದ ಅಲ್ಲ ಕಣೋ. ಆ ಕಡೆಯಿಂದ ಬರ್ಬೇಕು."

ಹಳಿ ದಾಟಿ ಜಾಲಿಯ ಹಿಂದೆ ಹೋಗಿ ನಿಂತೆ. ರೈಲೇ ಬಾರದ ಹಳಿ ಅದು, ಆದರೂ ನಡುವೆ ಯಾರಾದರೂ ಇದ್ದಾರೇನೋ ಎಂದು ಸರಿಯಾಗಿ ನೋಡಿದೆ. ನನಗೆ ಹೆದರಿಕೆಯಾಗಿತ್ತು. ಆಮೇಲೆ ಗಂಟಲು ಬಿಚ್ಚಿ ಕೂಗಿದೆ, "ಇಲ್ಲ, ಹಾಕ್ರಿ!"

ಗೇಟು ಇಳಿಯಲಿಲ್ಲ. ಹೋಗಿ ನೋಡಿದರೆ ಅಪ್ಪ ಹಿಡಿಕೆ ಬಿಟ್ಟು ನೆಲದ ಮೇಲೆ ಕೂತಿದ್ದರು. ಯಾರೋ ನೀರು ಕೊಡುತ್ತಿದ್ದರು. ನಾನು ಬಗ್ಗಿದ್ದೇ ತಡ, ನನ್ನ ಮುಖವನ್ನು ದಿಟ್ಟಿಸಿ ನೋಡಿದರು.

"ಅವತ್ತು ನಂಗೆ ಕೇಳಿಸಿದ್ದೂ ಇದೇ ದನಿ ಕಣಪ್ಪ," ಅಂದರು.