ನಾಲ್ಕನೇ ಮಹಡಿಯ ಖಾಲಿ ಕುರ್ಚಿಗಳು

ಆ ಕಂಪನಿಗೆ ಒಂಬತ್ತು ಕಟ್ಟಡ, ಒಂಬತ್ತೂ ಬಾಡಿಗೆಯವು. ಯಾವ ಮಹಡಿಯಲ್ಲಿ ಎಷ್ಟು ಜನ ಕೂರುತ್ತಾರೆ, ಎಷ್ಟು ಕುರ್ಚಿ ಬಿಕೋ ಎನ್ನುತ್ತಿವೆ ಎಂದು ನೋಡಿ ಬರೆದಿಡುವುದು ಅವಳ ಕೆಲಸ. ಹದಿನಾಲ್ಕು ವರ್ಷ ರಟ್ಟು, ಪೆನ್ಸಿಲ್ ಹಿಡಿದು ದಿನಕ್ಕೆ ಮೂರು ಸಲ ಮಹಡಿ ಹತ್ತಿ ಇಳಿದಿದ್ದಳು. ಜನ ಮೊದಮೊದಲು ಬೆನ್ನ ಹಿಂದೆ ಅವಳನ್ನು ಎಣಿಕೆಯಮ್ಮ ಎನ್ನುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು. ಅವಳೂ ಓಗೊಟ್ಟಳು.

ಮೇಜಿನಡಿ ಸೆನ್ಸರ್ ಅಂಟಿಸುವ ಯೋಜನೆ ಬಂದಾಗ ಅವಳು ಮುಖ ಸಿಂಡರಿಸುತ್ತಾಳೆಂದೇ ಎಲ್ಲರೂ ಎಣಿಸಿದ್ದರು. ಅವಳೋ, ಸದ್ಯ ಮೊಣಕಾಲು ಉಳಿಯಿತು ಎಂದುಕೊಂಡಳು. ಬೆಂಕಿಪೆಟ್ಟಿಗೆಯಷ್ಟು ಬಿಳಿ ಡಬ್ಬಿ. ಯಾರಾದರೂ ಕೂತರೆ ಪರದೆಯ ಮೇಲೆ ಹಸಿರು ಚುಕ್ಕೆ, ಎದ್ದುಹೋದರೆ ಬೂದು. ಮಾರಿದವರು ತಂದ ಕಾಗದಗಳಿಗೆ ‘ಪರಿಶೀಲಿಸಿದೆ’ ಎಂದು ಸಹಿ ಹಾಕಿದವಳೂ ಅವಳೇ.

ಎಂಟು ವಾರದ ವರದಿ ಬಂತು. ನಾಲ್ಕನೇ ಮಹಡಿಯಲ್ಲಿ ನೂರು ಕುರ್ಚಿಗೆ ಮೂವತ್ತೊಂದು ಮಾತ್ರ ಬಳಕೆ. ತನ್ನ ಹಳೆಯ ಎಣಿಕೆಗಿಂತ ಎಷ್ಟೋ ಕಡಿಮೆ, ಆದರೂ ಯಂತ್ರ ತಪ್ಪಲಾರದು ಎಂದುಕೊಂಡಳು. ಆ ಮಹಡಿಯನ್ನೇ ಕಟ್ಟಡದ ಮಾಲೀಕರಿಗೆ ಬಿಟ್ಟುಕೊಡಲು ನಿರ್ದೇಶಕರು ಗುರುವಾರ ಹನ್ನೊಂದಕ್ಕೆ ಸಭೆ ಕರೆದರು. ಅಲ್ಲಿ ಕೂರುವವರು ಯಂತ್ರಗಳ ನಕ್ಷೆ ಓದಿ ತಪ್ಪು ಹುಡುಕುವವರು. ಅವಳ ನಾದಿನಿಯೂ ಅವರಲ್ಲೊಬ್ಬಳು. ಇಬ್ಬರದೂ ಒಂದೇ ಮನೆ.

ಗುರುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ನಾದಿನಿ ಕೇಳಿದಳು: “ಅತ್ತಿಗೆ, ನಮ್ಮ ಮಹಡಿ ಖಾಲಿ ಅಂತ ಬರೆದಿದ್ದೀರಂತೆ. ಹಾಗಾದ್ರೆ ನಾನು ದಿನಾ ಎಲ್ಲಿಗೆ ಹೋಗ್ತಿದ್ದೀನಿ?”

“ನಾನು ಬರೆದಿಲ್ಲ. ಮೆಷಿನ್ ಬರೆದಿದ್ದು.”

“ಸಹಿ ಯಾರದು?”

ಅವಳು ಚೀಲ ಎತ್ತಿಕೊಂಡು ಹೊರಟಳು.

ಒಂಬತ್ತೂವರೆಗೆ ಅವಳು ನಾಲ್ಕನೇ ಮಹಡಿಯ ಬಾಗಿಲು ತಳ್ಳಿದಳು. ಸಾಲುಸಾಲಾಗಿ ಜನ ಪರದೆಗೆ ಕಣ್ಣು ನೆಟ್ಟು ಕಲ್ಲಿನಂತೆ ಕೂತಿದ್ದರು. ಕೈಯಲ್ಲಿದ್ದ ಫೋನ್ ನೋಡಿದರೆ ಅರ್ಧಕ್ಕರ್ಧ ಚುಕ್ಕೆ ಬೂದು. ರಜೆಯಲ್ಲಿದ್ದವನೊಬ್ಬನ ಕುರ್ಚಿಯಲ್ಲಿ ಕೂತಳು. ಚುಕ್ಕೆ ಹಸಿರಾಯಿತು. ಕೈಕಾಲು ಮಿಸುಕಾಡಿಸದೆ ಕಾದಳು. ಐದು ನಿಮಿಷ ಹಸಿರು, ಏಳು ನಿಮಿಷ ಹಸಿರು, ಎಂಟು ದಾಟಿದ್ದೇ ಬೂದು. ಕೂತಿದ್ದಾಳೆ, ಆದರೆ ಇಲ್ಲ. ಮತ್ತೆರಡು ಸಲ ಬೇರೆ ಬೇರೆ ಕುರ್ಚಿಯಲ್ಲಿ ನೋಡಿದಳು. ಅದೇ ಕತೆ.

ಸೆನ್ಸರ್ ಕಂಪನಿಯ ತಂತ್ರಜ್ಞನಿಗೆ ಫೋನ್ ಮಾಡಿದಳು. ಡಬ್ಬಿಗೆ ಗೊತ್ತಾಗುವುದು ಅಲುಗಾಟ ಮಾತ್ರ, ಎಂಟು ನಿಮಿಷ ಅಲುಗದಿದ್ದರೆ ಖಾಲಿ ಎಂದೇ ಲೆಕ್ಕ, ಬೇಕಾದರೆ ಈಗಲೇ ನಲವತ್ತು ನಿಮಿಷಕ್ಕೆ ಏರಿಸಬಹುದು ಎಂದು ಅವನು ಆಕಳಿಸುತ್ತ ವಿವರಿಸಿದ. ಇದ್ದದ್ದು ಇದ್ದಂತೆಯೇ ಇರಲಿ, ಸಂಜೆಯವರೆಗೆ ಏನನ್ನೂ ಮುಟ್ಟಬೇಡ ಎಂದಳು. “ಇದೆಲ್ಲ ನಾವು ಕೊಟ್ಟ ಕಾಗದದ ಹದಿನೇಳನೇ ಪುಟದಲ್ಲಿ ಇತ್ತಲ್ಲ ಮೇಡಂ,” ಎಂದ ಅವನು.

ಕಡತ ತೆಗೆದು ನೋಡಿದಳು. ಹದಿನೇಳನೇ ಪುಟದ ಅಡಿಯಲ್ಲಿ ಅವಳದೇ ಸಹಿ ಇತ್ತು.

ಗಂಟೆ ಹತ್ತೂಮುಕ್ಕಾಲು. ಬಾಯಿ ಬಿಟ್ಟರೆ ತನ್ನ ಕೆಲಸಕ್ಕೇ ಕುತ್ತು. ಅದರ ಮೇಲೆ ನಾದಿನಿಗಾಗಿ ಆಟ ಹೂಡಿದಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಬಾಯಿ ಹೊಲಿದುಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಲಿಫ್ಟಿಗೆ ಕಾಯದೆ ಸಭೆಯ ಕೋಣೆಗೆ ಮೆಟ್ಟಿಲು ಹತ್ತಿದಳು.

ನಿರ್ದೇಶಕರು ಕಾಗದ ಎತ್ತಿಕೊಳ್ಳುವ ಮೊದಲೇ ಎದ್ದು ನಿಂತಳು. “ಸರ್, ಆ ಮೂವತ್ತೊಂದು ತಪ್ಪು. ಓದದೇ ಸಹಿ ಹಾಕಿದ್ದು ನಾನು. ನನ್ನ ನಾದಿನಿ ಅಲ್ಲೇ ಕೆಲಸ ಮಾಡ್ತಾಳೆ, ಅದಕ್ಕೇ ನನ್ನ ಮಾತು ನಂಬಬೇಡಿ. ಬಂದು ನೀವೇ ಕೂತು ನೋಡಿ.”

ನಿರ್ದೇಶಕರು ಗಡಿಯಾರ ನೋಡಿದರು, ಅವಳ ಮುಖ ನೋಡಿದರು, ಎದ್ದರು.

ನಾಲ್ಕನೇ ಮಹಡಿಯಲ್ಲಿ ಅವರು ಕೂತರು. ಸುತ್ತ ಆರು ಜನ ಅಧಿಕಾರಿಗಳು ಅವಳ ಫೋನಿನತ್ತ ಬಗ್ಗಿ ನಿಂತರು. ಎಂಟು ನಿಮಿಷವಾಯಿತು, ಹಸಿರು. ಹತ್ತಾಯಿತು, ಹಸಿರೇ. ಯಾರೋ ಕೆಮ್ಮಿದರು. ಆಗ ಅವಳ ಕಣ್ಣು ಮೇಜಿನ ಕೆಳಗೆ ಹೋಯಿತು: ನಿರ್ದೇಶಕರ ಬಲಗಾಲು ಹೊಲಿಗೆ ಯಂತ್ರದಂತೆ ಕುಣಿಯುತ್ತಿತ್ತು.

“ಸರ್, ಕಾಲು,” ಎಂದಳು ಮೆಲ್ಲಗೆ.

ಕಾಲು ನಿಂತಿತು. ಮತ್ತೆ ಎಂಟು ನಿಮಿಷ ಕಾದರು. ಚುಕ್ಕೆ ಬೂದಾಯಿತು. ನಿರ್ದೇಶಕರು ಆ ಬೂದು ಚುಕ್ಕೆಯನ್ನು ನೋಡಿ, ಆರು ವಾರ ಹೊಸದಾಗಿ ಅಳೆಯಿರಿ ಎಂದು ಹೇಳಿ ಹೊರಟರು. ಅವಳಿಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು.

ಡಬ್ಬಿಗಳನ್ನು ನಲವತ್ತು ನಿಮಿಷಕ್ಕೆ ಏರಿಸಿ ಅಳೆದಾಗ ನೂರಕ್ಕೆ ಅರವತ್ತನಾಲ್ಕು ಬಂತು. ಅವಳ ಪೆನ್ಸಿಲ್ ಎಣಿಕೆ ಆ ಮಹಡಿಗೆ ಎಂದೂ ತೊಂಬತ್ತಕ್ಕಿಂತ ಕೆಳಗೆ ಇಳಿದಿರಲಿಲ್ಲ. ಅವಳ ಚಪ್ಪಲಿ ಸದ್ದು ಕೇಳಿದೊಡನೆ ಕಾಫಿ ಯಂತ್ರದ ಬಳಿ ಇದ್ದವರೆಲ್ಲ ಓಡಿಬಂದು ಕೂರುತ್ತಿದ್ದರಂತೆ. ಇದು ಎಚ್ಚರಿಕೆ ಪತ್ರಕ್ಕಿಂತ ಹೆಚ್ಚು ಚುಚ್ಚಿತು.

ಮಹಡಿಯ ಮೂರನೇ ಒಂದು ಭಾಗವನ್ನು ಬಿಟ್ಟುಕೊಟ್ಟರು. ಸೇವೆಯ ವರ್ಷ ಕಡಿಮೆ ಇದ್ದವರನ್ನು ನಗರದ ಆಚೆ ತುದಿಯ ಕಟ್ಟಡಕ್ಕೆ ಕಳಿಸಿದರು. ಪಟ್ಟಿಯಲ್ಲಿ ನಾದಿನಿಯದು ನಾಲ್ಕನೇ ಹೆಸರು. ಎಂಟು ದಿನ ಮನೆಯಲ್ಲಿ ಉಪ್ಪು ಕೊಡಿ, ನೀರು ಕೊಡಿ ಎಂಬಷ್ಟೇ ಮಾತು. ಒಂಬತ್ತನೇ ದಿನ ನಾದಿನಿ ಬೆವರೊರೆಸುತ್ತ ಬಂದು ಚೀಲ ಇಟ್ಟಳು.

“ಅಲ್ಲಿ ಕುರ್ಚಿಗಳೇನೋ ಚೆನ್ನಾಗಿವೆ, ಅತ್ತಿಗೆ. ಬಸ್ಸೇ ಸರಿಯಿಲ್ಲ.”

ಎಷ್ಟು ಗಂಟೆಯ ಬಸ್ಸು ಎಂದು ಕೇಳುತ್ತ ಅತ್ತಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.